ಅಂತರರಾಷ್ಟ್ರೀಯ ಈಜುಗಾರರ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಈಜು ಸ್ಪರ್ಧೆ ನಡೆಯುವ ಕಡೆ ಗ್ಯಾಲರಿಯಲ್ಲಿ ಕೂತರೆ ಸಾಕು, ಪಕ್ಕದವರು ಏನಾದರೂ ಕೇಳಿಯೇ ಕೇಳುತ್ತಾರೆ. ಹೆಚ್ಚಿನವರು ಮಕ್ಕಳನ್ನು ಕರೆದುಕೊಂಡು ಬಂದ ಅಪ್ಪ ಅಮ್ಮಂದಿರು. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳಲ್ಲಿ ಬೆಂಗಳೂರಿನ ಶ್ರೀಹರಿ ನಟರಾಜ್ ಹೆಸರು ಜಾಸ್ತಿ ಬರುತ್ತದೆ. ಭಾರತದ ಈಜುಗಾರನೊಬ್ಬ ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ ಅನ್ನುವುದು ಅವರ ಹಾದಿಯಲ್ಲಿ ಚೆನ್ನಾಗಿ ಕಾಣುತ್ತದೆ.

ಶ್ರೀಹರಿ ಎರಡು ಒಲಿಂಪಿಕ್ಸ್‌ಗೆ ಹೋದರೂ ಹೀಟ್ಸ್‌ನಲ್ಲೇ, ಅಂದರೆ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಮತ್ತೆ ಅವರನ್ನು ದೊಡ್ಡ ಈಜುಗಾರ ಅನ್ನುವುದು ಯಾಕೆ?

ಈ ಪ್ರಶ್ನೆ ಕೇಳದವರೇ ಇಲ್ಲ. ಉತ್ತರಕ್ಕೆ 2021ರ ಜೂನ್‌ಗೆ ಹೋಗಬೇಕು. ಅಲ್ಲಿಯವರೆಗೆ ಒಲಿಂಪಿಕ್ಸ್‌ನ 'ಎ' ಕಟ್, ಅಂದರೆ ನೇರ ಅರ್ಹತೆಯ ಸಮಯವನ್ನು ಯಾವ ಭಾರತೀಯ ಈಜುಗಾರನೂ ಮುಟ್ಟಿರಲಿಲ್ಲ. ರೋಮ್‌ನ ಸೆಟ್ಟೆ ಕೊಲ್ಲಿ ಸ್ಪರ್ಧೆಯಲ್ಲಿ ಕೇರಳದ ಸಾಜನ್ ಪ್ರಕಾಶ್ 200 ಮೀಟರ್ ಬಟರ್‌ಫ್ಲೈಯನ್ನು, ಅಂದರೆ ಎರಡೂ ಕೈ ಒಟ್ಟಿಗೆ ಬೀಸುವ ಈಜನ್ನು, 1 ನಿಮಿಷ 56.38 ಸೆಕೆಂಡಿನಲ್ಲಿ ಮುಗಿಸಿದರು. ಬೇಕಿದ್ದುದು 1:56.48. ಮೊದಲ ಬಾರಿ ಬಾಗಿಲು ತೆರೆದದ್ದು ಹಾಗೆ.

ಅದೇ ಊರಿನಲ್ಲಿ ಶ್ರೀಹರಿ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನ (ಬೆನ್ನ ಮೇಲೆ ಮಲಗಿ ಈಜುವುದು) 'ಎ' ಕಟ್ ಆದ 53.85 ಸೆಕೆಂಡ್ ಬೆನ್ನಟ್ಟಿದ್ದರು. ಸ್ಪರ್ಧೆಯಲ್ಲಿ 53.90 ಬಂತು. 0.05 ಸೆಕೆಂಡ್ ಜಾಸ್ತಿ. ಆ ವೇಗದಲ್ಲಿ ಅದು ಸುಮಾರು 9 ಸೆಂಟಿಮೀಟರ್, ಒಂದು ಅಂಗೈ ಅಗಲ. ಆಮೇಲೆ ಟೈಮ್ ಟ್ರಯಲ್‌ಗೆ ಇಳಿದರು. ಟೈಮ್ ಟ್ರಯಲ್ ಅಂದರೆ ಪದಕ ಇಲ್ಲ, ಗೆಲುವು ಸೋಲು ಇಲ್ಲ, ಎದುರಿಗಿರುವುದು ಗಡಿಯಾರ ಮಾತ್ರ. 53.77ಕ್ಕೆ ಗೋಡೆ ಮುಟ್ಟಿದರು. ಅಂತರರಾಷ್ಟ್ರೀಯ ಒಕ್ಕೂಟ ಆ ಸಮಯವನ್ನು ಒಪ್ಪಿದ ಮೇಲೆ ಟೋಕಿಯೊ ಟಿಕೆಟ್ ಖಾತ್ರಿಯಾಯಿತು. ಆಗ ಅವರಿಗೆ 20 ವರ್ಷ.

ಇನ್ನು ಮತ್ತೊಂದು ಮುಖವನ್ನೂ ಹೇಳಬೇಕು. ಟೋಕಿಯೊದಲ್ಲಿ ಅವರ ಸಮಯ 54.31, ಒಟ್ಟು 27ನೇ ಸ್ಥಾನ. ಸೆಮಿಫೈನಲ್‌ಗೆ 16 ಜನ ಮಾತ್ರ. ಇಟಲಿಯ ತೋಮಸ್ ಚೆಕೋನ್ 2022ರಲ್ಲಿ ಬುಡಾಪೆಸ್ಟ್‌ನಲ್ಲಿ ಮಾಡಿದ ವಿಶ್ವದಾಖಲೆ 51.60. ಶ್ರೀಹರಿಯ 53.77 ಜತೆ ಇಟ್ಟು ನೋಡಿದರೆ, ಚೆಕೋನ್ ಗೋಡೆ ಮುಟ್ಟುವಾಗ ನಮ್ಮವರು ಇನ್ನೂ ನಾಲ್ಕು ಮೀಟರ್ ಹಿಂದೆ ಇರುತ್ತಾರೆ. ಎರಡೂ ನಿಜ. ಭಾರತದ ಈಜಿನ ಚರಿತ್ರೆಯಲ್ಲಿ 53.77 ದೊಡ್ಡ ಸಮಯ, ಜಗತ್ತಿನ ಲೆಕ್ಕದಲ್ಲಿ ಬಾಗಿಲ ಹತ್ತಿರದ ಸಮಯ. ಇದನ್ನು ಅರ್ಥ ಮಾಡಿಕೊಳ್ಳದೆ ಟಿವಿ ಮುಂದೆ ಕೂತು "ಮತ್ತೆ ಸೋತ್ರು" ಅನ್ನುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ ಶ್ರೀಹರಿ 50 ಮತ್ತು 100 ಮೀಟರ್ ಬ್ಯಾಕ್‌ಸ್ಟ್ರೋಕ್ ಎರಡರಲ್ಲೂ ಫೈನಲ್ ಈಜಿದರು. 50ರಲ್ಲಿ 5ನೇ ಸ್ಥಾನ, 100ರಲ್ಲಿ 7ನೇ ಸ್ಥಾನ.

'ಎ' ಕಟ್, 'ಬಿ' ಕಟ್, ಯೂನಿವರ್ಸಾಲಿಟಿ... ಈ ಗೋಜಲು ಏನು?

'ಎ' ಕಟ್ ದಾಟಿದರೆ ನೇರ ಪ್ರವೇಶ. ಒಂದು ಸ್ಪರ್ಧೆಗೆ ಒಂದು ದೇಶದಿಂದ ಹೆಚ್ಚೆಂದರೆ ಇಬ್ಬರು. 'ಬಿ' ಕಟ್ ಸ್ವಲ್ಪ ಸಡಿಲ. ಅದನ್ನು ದಾಟಿದವರು ಜಾಗ ಉಳಿದರೆ ಕರೆ ಬರಬಹುದು ಅಂತ ಕಾಯಬೇಕು. ಮೂರನೆಯದು ಯೂನಿವರ್ಸಾಲಿಟಿ. ನೇರ ಅರ್ಹತೆ ಪಡೆದವರು ಯಾರೂ ಇಲ್ಲದ ದೇಶ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಕಳಿಸಬಹುದು. ಪ್ಯಾರಿಸ್ 2024ಕ್ಕೆ ಶ್ರೀಹರಿ ಮತ್ತು ಧಿನಿಧಿ ದೇಸಿಂಗು ಹೋದದ್ದು ಈ ದಾರಿಯಲ್ಲಿ. ಇಬ್ಬರೂ ಬೆಂಗಳೂರಿನವರು. ಶ್ರೀಹರಿ ಅಲ್ಲಿ 55.01ಕ್ಕೆ ಈಜಿ 33ನೇ ಸ್ಥಾನ ಪಡೆದರು.

ಅಮೆರಿಕದಂಥ ದೇಶದಲ್ಲಿ ಕಥೆಯೇ ಬೇರೆ. ಅಲ್ಲಿ 'ಎ' ಕಟ್ ದಾಟಿದವರು ಎಷ್ಟೋ ಜನ. ಟ್ರಯಲ್ಸ್‌ನಲ್ಲಿ, ಅಂದರೆ ದೇಶದ ಆಯ್ಕೆ ಸ್ಪರ್ಧೆಯಲ್ಲಿ ಮೊದಲ ಎರಡು ಸ್ಥಾನದಲ್ಲಿ ಬರಬೇಕು, ಮೂರನೆಯವರು ಮನೆಗೆ. ಆ ಮೂರನೆಯವರು ಬೇರೆ ದೇಶದಲ್ಲಿ ಹುಟ್ಟಿದ್ದರೆ ರಾಷ್ಟ್ರೀಯ ಹೀರೊ ಆಗುತ್ತಿದ್ದರೋ ಏನೋ.

14 ವರ್ಷದ ಹುಡುಗಿಯನ್ನು ಒಲಿಂಪಿಕ್ಸ್‌ಗೆ ಕಳಿಸಿದ್ದು ಸರಿಯೇ?

ಧಿನಿಧಿ ಪ್ಯಾರಿಸ್‌ನಲ್ಲಿ ಭಾರತ ತಂಡದ ಅತಿ ಕಿರಿಯ ಸದಸ್ಯೆ. 200 ಮೀಟರ್ ಫ್ರೀಸ್ಟೈಲ್ ಈಜಿದಳು. ಸಮಯ 2:06.96. ತನ್ನ ಹೀಟ್‌ನಲ್ಲಿ ಮೊದಲಿಗಳು, ಒಟ್ಟಾರೆ 23ನೇ ಸ್ಥಾನ. ಅದಕ್ಕೂ ಮೊದಲು ಹಾಂಗ್‌ಝೌ ಏಷ್ಯನ್ ಗೇಮ್ಸ್, ದೋಹಾ ವಿಶ್ವ ಚಾಂಪಿಯನ್‌ಶಿಪ್ ಎರಡನ್ನೂ ನೋಡಿ ಬಂದಿದ್ದಳು. ಸರಿಯೇ ಸರಿ ಅಂತ ನನ್ನ ಅಭಿಪ್ರಾಯ. ಸ್ಪರ್ಧೆಗೆ ಮುಂಚೆ ಎಲ್ಲರನ್ನೂ ಕೂರಿಸುವ ಕಾಲ್ ರೂಮಿನಲ್ಲಿ ವಿಶ್ವದಾಖಲೆಯವರ ಪಕ್ಕ ಕೂತು ಕಾಯುವ ಅನುಭವವನ್ನು ಯಾವ ಕೋಚ್ ಕೂಡ ಪಾಠ ಮಾಡಿ ಕಲಿಸಲಾರ. ಆದರೆ ಆ ವಯಸ್ಸಿನ ಹುಡುಗಿಯಿಂದ ಪ್ರತಿ ಆರು ತಿಂಗಳಿಗೂ ಹೊಸ ದಾಖಲೆ ಕೇಳುವುದು ತಪ್ಪು. ದೇಹ ಬೆಳೆಯುವಾಗ ಸಮಯ ನಿಂತೇಹೋಗುತ್ತದೆ, ಒಮ್ಮೊಮ್ಮೆ ಹಿಂದಕ್ಕೂ ಹೋಗುತ್ತದೆ. ಹುಡುಗಿಯರಲ್ಲಿ ಇದು ತೀರಾ ಸಾಮಾನ್ಯ.

54 ಸೆಕೆಂಡಿನಲ್ಲಿ ಅಷ್ಟೊಂದು ಏನು ನಡೆಯುತ್ತದೆ?

ಬ್ಯಾಕ್‌ಸ್ಟ್ರೋಕನ್ನೇ ನೋಡೋಣ. ಮೊದಲ ಉದ್ದನೆಯ ವಿಸಿಲ್‌ಗೆ ನೀರಿಗೆ ಇಳಿಯಬೇಕು. ಎರಡನೇ ಉದ್ದನೆಯ ವಿಸಿಲ್‌ಗೆ ಗೋಡೆಗೆ ಬಂದು ಬ್ಲಾಕಿನ (ಕೊಳದ ಅಂಚಿನ ಸ್ಟಾರ್ಟಿಂಗ್ ಕಟ್ಟೆ) ಹಿಡಿ ಹಿಡಿಯಬೇಕು. ಪಾದ ಜಾರದಂತೆ ನೀರಿನ ಮಟ್ಟದಲ್ಲಿ ಒಂದು ಪಟ್ಟಿ ಇಳಿಬಿಟ್ಟಿರುತ್ತಾರೆ, ಅದಕ್ಕೆ ಕಾಲು ಊರುತ್ತಾರೆ. ಸ್ಟಾರ್ಟರ್ ಹೇಳಿದೊಡನೆ ಎದೆಯನ್ನು ಬ್ಲಾಕಿನ ಹತ್ತಿರಕ್ಕೆ ಎಳೆದುಕೊಂಡು ಅಲುಗಾಡದೆ ನಿಲ್ಲಬೇಕು. ಬೀಪ್ ಕೇಳಿದ ತಕ್ಷಣ ತಲೆ ಹಿಂದಕ್ಕೆ, ಸೊಂಟ ಮೇಲಕ್ಕೆ, ಬೆನ್ನು ಬಿಲ್ಲಿನ ಹಾಗೆ. ಕೈ ನೀರು ಸೀಳಿದ ಜಾಗದಲ್ಲೇ ಮೈಯೂ ನೀರಿಗೆ ಹೋಗಬೇಕು. ಸೊಂಟ ತಗ್ಗಿ ನೀರಿಗೆ ಬಡಿದರೆ ಅಲ್ಲೇ ಸೆಕೆಂಡಿನ ಒಂದೆರಡು ಭಾಗ ಹೋಯಿತು.

ಆಮೇಲೆ ನೀರಿನೊಳಗೆ ಡಾಲ್ಫಿನ್ ಕಿಕ್, ಅಂದರೆ ಎರಡೂ ಕಾಲು ಜೋಡಿಸಿ ಒಟ್ಟಿಗೆ ಬೀಸುವುದು. ನೀರಿನ ಮೇಲ್ಭಾಗದ ಅಲೆಗಳಿಗಿಂತ ಒಳಗೆ ತಡೆ ಕಮ್ಮಿ. ಇದನ್ನು ಮೊದಲು ಅತಿಯಾಗಿ ಬಳಸಿದವರಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್ ಒಬ್ಬರು. 1988ರ ಸಿಯೋಲ್‌ನಲ್ಲಿ ಕೊಳದ ಅರ್ಧಕ್ಕಿಂತ ಹೆಚ್ಚು ದೂರ ಒಳಗೇ ಹೋಗುತ್ತಿದ್ದರು. ಆಮೇಲೆ ಒಕ್ಕೂಟ ಕಡಿವಾಣ ಹಾಕಿತು. ಈಗ 15 ಮೀಟರ್ ಗುರುತಿನೊಳಗೆ ತಲೆ ಮೇಲೆ ಬರಲೇಬೇಕು, ಇಲ್ಲದಿದ್ದರೆ ಅನರ್ಹ.

ಗೋಡೆ ಎಲ್ಲಿದೆ ಅಂತ ಮಲಗಿ ಈಜುವವರಿಗೆ ಕಾಣುವುದಿಲ್ಲವಲ್ಲ. ಅದಕ್ಕೇ ಗೋಡೆಯಿಂದ 5 ಮೀಟರ್ ದೂರದಲ್ಲಿ ಮೇಲೆ ಬಣ್ಣದ ಬಾವುಟಗಳ ಸಾಲು ಕಟ್ಟಿರುತ್ತಾರೆ. ಬಾವುಟ ಕಂಡ ಮೇಲೆ ಇಷ್ಟೇ ಕೈ ಅಂತ ಪ್ರತಿಯೊಬ್ಬರಿಗೂ ಒಂದು ಲೆಕ್ಕ ಇರುತ್ತದೆ. ಕೊನೆಯ ಕೈಗೆ ಮಗ್ಗುಲಾಗಿ, ಲಾಗ ಹಾಕಿ, ಗೋಡೆ ಒದ್ದು ಮತ್ತೆ ಬೆನ್ನ ಮೇಲೆ. ಚಿಕ್ಕ ಮಕ್ಕಳ ಸ್ಪರ್ಧೆಯಲ್ಲಿ ಈ ಲೆಕ್ಕ ತಪ್ಪಿ ತಲೆ ಗೋಡೆಗೆ ಬಡಿಯುವುದು ಉಂಟು. ಗ್ಯಾಲರಿಯಲ್ಲಿ "ಅಯ್ಯೋ" ಅಂತ ಕೇಳಿಸಿದರೆ ಅದೇ ಅಂತ ತಿಳಿಯಿರಿ.

ಎರಡು ಸೆಂಟಿಮೀಟರ್‌ನಲ್ಲಿ ಪದಕ ಹೋಯಿತು ಅನ್ನುತ್ತಾರಲ್ಲ, ನಿಜವೇ?

ನಿಜ. 2018ರ ಜಕಾರ್ತಾ ಏಷ್ಯನ್ ಗೇಮ್ಸ್, 50 ಮೀಟರ್ ಫ್ರೀಸ್ಟೈಲ್ ಫೈನಲ್. ಕೊಲ್ಹಾಪುರದ ವೀರ್‌ಧವಳ್ ಖಾಡೆ 22.47, ಮೂರನೇ ಸ್ಥಾನದ ಜಪಾನಿ ಈಜುಗಾರ 22.46. ಬೆಳಿಗ್ಗೆ ಹೀಟ್ಸ್‌ನಲ್ಲಿ ಖಾಡೆ 22.43 ಈಜಿದ್ದರು ಅನ್ನುವುದು ಇನ್ನೂ ಸಂಕಟದ ವಿಷಯ. ಸಂಜೆಯೂ ಅಷ್ಟೇ ಈಜಿದ್ದರೆ ಕಂಚು ಅವರದ್ದಾಗಿರುತ್ತಿತ್ತು.

ಮೈಕೆಲ್ ಫೆಲ್ಪ್ಸ್ ಬೀಜಿಂಗ್ 2008ರಲ್ಲಿ ಎಂಟು ಚಿನ್ನ ಗೆದ್ದದ್ದು ಎಲ್ಲರಿಗೂ ಗೊತ್ತು. ಅದರಲ್ಲಿ ಏಳನೆಯದು ಬಂದದ್ದು 0.01 ಸೆಕೆಂಡಿನಲ್ಲಿ. 100 ಮೀಟರ್ ಬಟರ್‌ಫ್ಲೈ, ಫೆಲ್ಪ್ಸ್ 50.58, ಸರ್ಬಿಯಾದ ಮಿಲೊರಾಡ್ ಚಾವಿಚ್ 50.59. ಚಾವಿಚ್ ಕೈ ಚಾಚಿ ತೇಲಿಕೊಂಡು ಗೋಡೆಗೆ ಬಂದರು. ಫೆಲ್ಪ್ಸ್ ಇನ್ನೊಂದು ಅರ್ಧ ಕೈ ಹೊಡೆದು ಗೋಡೆಯಲ್ಲಿರುವ, ಸಮಯ ದಾಖಲಿಸುವ ಟಚ್ ಪ್ಯಾಡನ್ನು ಒತ್ತಿದರು.

ಹಾಗಾದರೆ ಸಾವಿರದ ಒಂದು ಭಾಗದವರೆಗೆ ಅಳೆಯಬಹುದಲ್ವಾ?

ಒಮ್ಮೆ ಅಳೆದರು. 1972ರ ಮ್ಯೂನಿಕ್‌ನಲ್ಲಿ 400 ಮೀಟರ್ ಮೆಡ್ಲೆಯಲ್ಲಿ (ನಾಲ್ಕೂ ಸ್ಟ್ರೋಕ್ ಒಂದರ ಹಿಂದೆ ಒಂದು ಈಜುವುದು) ಸ್ವೀಡನ್‌ನ ಗುನ್ನಾರ್ ಲಾರ್ಸನ್, ಅಮೆರಿಕದ ಟಿಮ್ ಮೆಕ್‌ಕೀಗಿಂತ 0.002 ಸೆಕೆಂಡ್ ಮುಂದೆ ಅಂತ ತೀರ್ಪು ಕೊಟ್ಟರು. ಅದು ಸುಮಾರು ಮೂರು ಮಿಲಿಮೀಟರ್. ಆದರೆ ಕೊಳ ಕಟ್ಟುವಾಗಲೇ ಒಂದು ಲೇನಿಗೂ ಇನ್ನೊಂದಕ್ಕೂ ಅಷ್ಟು ವ್ಯತ್ಯಾಸ ಬರುತ್ತದೆ. ಟೈಲ್ಸ್ ಹಾಕಿದ ಮೇಸ್ತ್ರಿಯ ಕೈಯಲ್ಲಿ ಒಲಿಂಪಿಕ್ ಚಿನ್ನ ಇರಬಾರದು ತಾನೇ? ಆಮೇಲೆ ನಿಯಮ ಬದಲಾಯಿತು. ಈಗ ನೂರನೇ ಒಂದು ಭಾಗದವರೆಗೆ ಮಾತ್ರ, ಸಮ ಆದರೆ ಇಬ್ಬರಿಗೂ ಪದಕ. 2016ರ ರಿಯೊದಲ್ಲಿ 100 ಮೀಟರ್ ಬಟರ್‌ಫ್ಲೈನಲ್ಲಿ ಫೆಲ್ಪ್ಸ್, ಚಾಡ್ ಲೆ ಕ್ಲೊ, ಲಾಸ್ಲೊ ಚೇ ಮೂವರೂ 51.14ಕ್ಕೆ ಮುಟ್ಟಿ ಮೂವರೂ ಬೆಳ್ಳಿ ಪಡೆದರು. ಚಿನ್ನ ಸಿಂಗಾಪುರದ ಜೋಸೆಫ್ ಸ್ಕೂಲಿಂಗ್‌ಗೆ, ಆ ದೇಶಕ್ಕೆ ಮೊದಲ ಒಲಿಂಪಿಕ್ ಚಿನ್ನ.

ಇವರ ದಿನ ಹೇಗಿರುತ್ತದೆ?

ಬೆಳಿಗ್ಗೆ ಐದೂವರೆಗೆಲ್ಲ ನೀರಿನಲ್ಲಿ. ಸಂಜೆ ಮತ್ತೆ. ನಡುವೆ ಜಿಮ್, ಊಟ, ನಿದ್ದೆ. ವಾರಕ್ಕೆ ಒಂಬತ್ತು ಹತ್ತು ಸಲ ನೀರಿಗೆ ಇಳಿಯುವುದು ಸಾಮಾನ್ಯ, ಒಂದೊಂದು ಸಲಕ್ಕೆ 4ರಿಂದ 7 ಕಿಲೋಮೀಟರ್. ಸ್ಪ್ರಿಂಟ್ ಈಜುವವರು ದೂರ ಕಮ್ಮಿ ಮಾಡಿ ವೇಗಕ್ಕೆ ಒತ್ತು ಕೊಡುತ್ತಾರೆ. ಕಿಕ್ ಬೋರ್ಡ್ ಹಿಡಿದು ಬರೀ ಕಾಲು, ತೊಡೆ ನಡುವೆ ಪುಲ್ ಬಾಯ್ ಅನ್ನುವ ತೇಲುವ ತುಂಡು ಇಟ್ಟು ಬರೀ ಕೈ, ಕೈಗೆ ಪ್ಯಾಡಲ್ ಕಟ್ಟಿ ಬಲ. ನಡುನಡುವೆ ಕೋಚ್ ಕಿವಿಯ ತುದಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಲ್ಯಾಕ್ಟೇಟ್, ಅಂದರೆ ಮೈ ಎಷ್ಟು ದಣಿದಿದೆ ಅಂತ ತಿಳಿಸುವ ಅಂಶ ನೋಡುವುದೂ ಉಂಟು.

ಸುಸ್ತಿಗಿಂತ ಜಾಸ್ತಿ ಕಾಡುವುದು ಬೇಸರ. ಕ್ರಿಕೆಟ್ ಪ್ರಾಕ್ಟೀಸಿನಲ್ಲಿ ಮಾತಿದೆ, ನಗುವಿದೆ. ಇಲ್ಲಿ ಎರಡು ಗಂಟೆ ಮುಖ ನೀರಿನಲ್ಲಿ, ಕಣ್ಣೆದುರಿಗೆ ತಳದ ಕಪ್ಪು ಗೆರೆ. ಬ್ಯಾಕ್‌ಸ್ಟ್ರೋಕ್‌ನವರಿಗೆ ಆಕಾಶವೋ ಮಾಡೋ ಕಾಣುತ್ತದೆ, ಅಷ್ಟು ಪುಣ್ಯ.

ದೊಡ್ಡ ಸ್ಪರ್ಧೆಗೆ ಮುಂಚೆ ಅಭ್ಯಾಸ ಕಮ್ಮಿ ಮಾಡುತ್ತಾರಂತೆ. ಸೋಮಾರಿತನ ಆಗುವುದಿಲ್ಲವೇ?

ಅದನ್ನು ಟೇಪರ್ ಅನ್ನುತ್ತಾರೆ. ತಿಂಗಳುಗಟ್ಟಲೆ ದಣಿದ ಮೈಗೆ ಕೊನೆಯ ಎರಡು ಮೂರು ವಾರ ದೂರ ಇಳಿಸಿ, ವೇಗ ಮಾತ್ರ ಉಳಿಸುತ್ತಾರೆ. ಹಿಂದಿನ ದಿನ ಮೈ ಕೂದಲು ಶೇವ್ ಮಾಡುತ್ತಾರೆ, ನೀರು ಚರ್ಮಕ್ಕೆ ಬೇರೆಯೇ ಥರ ತಾಕುತ್ತದೆ. ಟೇಪರ್ ಸರಿಯಾದರೆ ವರ್ಷದ ಉತ್ತಮ ಸಮಯ. ಹೆಚ್ಚು ಕಮ್ಮಿ ಆದರೆ ವರ್ಷದ ಕೆಲಸ ನೀರುಪಾಲು. ನಮ್ಮವರಿಗೆ ಇದರಲ್ಲಿ ಒಂದು ಕಷ್ಟ ಇದೆ. ಅರ್ಹತೆ ಪಡೆಯಲು ಒಮ್ಮೆ ಟೇಪರ್, ಒಲಿಂಪಿಕ್ಸ್‌ಗೆ ಇನ್ನೊಮ್ಮೆ. 2021ರ ಜೂನ್ ಕೊನೆಯಲ್ಲಿ ರೋಮ್‌ನಲ್ಲಿ ಜೀವಮಾನದ ಸಮಯ ಕೊಟ್ಟ ಶ್ರೀಹರಿ, ಜುಲೈ 25ಕ್ಕೆ ಟೋಕಿಯೊದಲ್ಲಿ ಮತ್ತೆ ಅದನ್ನೇ ಕೊಡಬೇಕಿತ್ತು. ಒಂದೇ ತಿಂಗಳು. ಮುಂಚೆಯೇ ಅರ್ಹತೆ ಮುಗಿಸಿ ಆರಾಮಾಗಿ ತಯಾರಾದವರ ಜತೆ ಹೋಲಿಸಿದರೆ ಇದು ಭಾರದ ಕೆಲಸ.

ಅದರ ಹಿಂದಿನ ವರ್ಷ ಕೊರೊನಾದಿಂದ ಕೊಳಗಳೇ ಮುಚ್ಚಿದ್ದವು ಅನ್ನುವುದನ್ನೂ ಸೇರಿಸಿಕೊಳ್ಳಿ. ಓಡುವವರು ತಾರಸಿಯ ಮೇಲಾದರೂ ಓಡಿದರು. ಈಜುವವರು ಏನು ಮಾಡಬೇಕು?

ಈಜುಡುಗೆಯಿಂದ ನಿಜವಾಗಿಯೂ ವೇಗ ಬರುತ್ತದೆಯೇ?

2009ರ ರೋಮ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 43 ವಿಶ್ವದಾಖಲೆಗಳು ಮುರಿದವು. ಕಾರಣ ಮೈಗೆ ಅಂಟಿಕೊಂಡು ತೇಲಿಸುವ ಪಾಲಿಯುರೆಥೇನ್ ಸೂಟುಗಳು. 2010ರ ಜನವರಿಯಿಂದ ಅವು ನಿಷಿದ್ಧ. ಈಗ ಬಟ್ಟೆಯದ್ದೇ ಆಗಬೇಕು, ಗಂಡಸರಿಗೆ ಸೊಂಟದಿಂದ ಮಂಡಿಯವರೆಗೆ, ಹೆಂಗಸರಿಗೆ ಭುಜದಿಂದ ಮಂಡಿಯವರೆಗೆ. ಜರ್ಮನಿಯ ಪಾಲ್ ಬೀಡರ್‌ಮನ್ ಆಗ ಮಾಡಿದ 200 ಮೀಟರ್ ಫ್ರೀಸ್ಟೈಲ್ ದಾಖಲೆ, 1:42.00, ಎಷ್ಟೋ ಒಲಿಂಪಿಕ್ಸ್ ಕಳೆದರೂ ಜಗ್ಗಲಿಲ್ಲ. ಹತ್ತು ವರ್ಷದ ಮಗುವಿಗೆ ಸಾವಿರಾರು ರೂಪಾಯಿಯ ರೇಸಿಂಗ್ ಸೂಟ್ ಕೊಡಿಸುವುದು ಮಾತ್ರ ದಂಡ.

ಭಾರತ ಏಷ್ಯಾದಲ್ಲಾದರೂ ಪದಕ ಗೆದ್ದಿದೆಯೇ?

ಏಷ್ಯನ್ ಗೇಮ್ಸ್‌ನಲ್ಲಿ ಬೆರಳೆಣಿಕೆಯಷ್ಟು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಸಚಿನ್ ನಾಗ್ 100 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದರು. ಈಜಿನಲ್ಲಿ ಚಿನ್ನ ಅಂತ ಹೇಳಿಕೊಳ್ಳಲು ನಮಗೆ ಅದೊಂದೇ ಹೆಸರು. 1986ರಲ್ಲಿ ಖಜಾನ್ ಸಿಂಗ್‌ಗೆ 200 ಮೀಟರ್ ಬಟರ್‌ಫ್ಲೈ ಬೆಳ್ಳಿ. 2010ರಲ್ಲಿ ಖಾಡೆಗೆ, 2014ರಲ್ಲಿ ಸಂದೀಪ್ ಸೆಜ್ವಾಲ್‌ಗೆ ಕಂಚು. ಜಪಾನ್, ಚೀನಾ ಇರುವ ಖಂಡ ಇದು, ನೆನಪಿರಲಿ.

ಒಳ್ಳೆಯ ಈಜುಗಾರರೆಲ್ಲ ಬೆಂಗಳೂರಿನವರೇ ಯಾಕೆ?

ಎಲ್ಲರೂ ಅಲ್ಲ, ಆದರೆ ಪಟ್ಟಿ ಉದ್ದವಿದೆ. ಸಿಡ್ನಿ 2000ಕ್ಕೆ ನಿಶಾ ಮಿಲೆಟ್, ಅಥೆನ್ಸ್ 2004ಕ್ಕೆ ಶಿಖಾ ಟಂಡನ್, ಬೀಜಿಂಗ್‌ಗೆ ರೆಹಾನ್ ಪೋಂಚಾ, ಲಂಡನ್‌ಗೆ ಗಗನ್ ಉಳ್ಳಾಲ್‌ಮಠ್, ಆಮೇಲೆ ಶ್ರೀಹರಿ, ಧಿನಿಧಿ. ಲಂಡನ್ 2012ರಲ್ಲಂತೂ ಗಗನ್ ಒಬ್ಬರೇ ಭಾರತದ ಈಜುಗಾರ.

ಹವೆ ಒಂದು ಕಾರಣ ಇರಬಹುದು, ಉತ್ತರ ಭಾರತದಲ್ಲಿ ಚಳಿಗಾಲಕ್ಕೆ ತೆರೆದ ಕೊಳಗಳು ಬಂದ್ ಆಗುತ್ತವೆ. ಅದಕ್ಕಿಂತ ದೊಡ್ಡ ಕಾರಣ ಕೋಚ್‌ಗಳು ಮತ್ತು ಕ್ಲಬ್‌ಗಳು. ಬಸವನಗುಡಿ ಅಕ್ವಾಟಿಕ್ ಸೆಂಟರ್‌ನ ಎಸ್. ಪ್ರದೀಪ್ ಕುಮಾರ್, ಡಾಲ್ಫಿನ್ ಅಕ್ವಾಟಿಕ್ಸ್‌ನ ನಿಹಾರ್ ಅಮೀನ್ ಇಬ್ಬರಿಗೂ ದ್ರೋಣಾಚಾರ್ಯ ಪ್ರಶಸ್ತಿ ಬಂದಿದೆ. ಎರಡು ಗಟ್ಟಿ ಕ್ಲಬ್‌ಗಳು ಒಂದೇ ಊರಿನಲ್ಲಿ ಪೈಪೋಟಿಗೆ ಬಿದ್ದರೆ, ರಾಜ್ಯ ಮಟ್ಟದ ಫೈನಲ್ಲೇ ರಾಷ್ಟ್ರೀಯ ಫೈನಲ್‌ನಷ್ಟು ಬಿಗಿಯಾಗುತ್ತದೆ. ಸಾಜನ್ ಪ್ರಕಾಶ್ ಕೂಡ ಪ್ರದೀಪ್ ಕುಮಾರ್ ಗರಡಿಯವರೇ.

ಬೆಂಗಳೂರಿನ ಆಚೆ ಕಥೆ ಅಷ್ಟು ಚೆನ್ನಾಗಿಲ್ಲ. ಮಂಗಳೂರಿನ ಎಮ್ಮೆಕೆರೆಯಲ್ಲಿ 50 ಮೀಟರ್ ಕೊಳ ಬಂದದ್ದು 2023ರಲ್ಲಿ. ಕೆರೆ, ಹೊಳೆಯಲ್ಲಿ ಮೀನಿನಂತೆ ಈಜುವ ಮಕ್ಕಳು ಜಿಲ್ಲೆ ಜಿಲ್ಲೆಯಲ್ಲೂ ಇದ್ದಾರೆ. ವರ್ಷಪೂರ್ತಿ ನೀರಿರುವ ಕೊಳ, ತಿಂಗಳು ತಿಂಗಳು ಸಂಬಳ ಸಿಗುವ ಕೋಚ್, ಇವೆರಡೂ ಒಟ್ಟಿಗೆ ಸಿಗುವುದು ಕಷ್ಟ.

ಇದರಲ್ಲಿ ದುಡ್ಡು ಇದೆಯೇ?

ಮೇಲ್ತುದಿಯಲ್ಲಿ ಸ್ವಲ್ಪ ಇದೆ. ಒಲಿಂಪಿಕ್ ಪದಕದ ಗುರಿಯಿಟ್ಟು ನಡೆಸುವ ಕೇಂದ್ರದ ಟಾಪ್ಸ್ ಯೋಜನೆಯ ಕೋರ್ ಗುಂಪಿಗೆ ಸೇರಿದರೆ ತಿಂಗಳಿಗೆ ₹50,000 ಭತ್ಯೆ, ತರಬೇತಿಯ ಖರ್ಚು ಬೇರೆ. ಅಲ್ಲಿಗೆ ಸೇರುವವರೆಗೆ ಮನೆಯವರದ್ದೇ ಜೇಬು. ಕೊಳದ ಫೀಸು, ಫಿಸಿಯೊ, ಪ್ರಯಾಣ, ಜತೆಗೆ ಅಪ್ಪನೋ ಅಮ್ಮನೋ ಕೆಲಸದ ಹೊತ್ತು ಬದಲಿಸಿಕೊಳ್ಳಬೇಕು. ಆಸರೆ ಅಂದರೆ ಕ್ರೀಡಾ ಕೋಟಾದ ನೌಕರಿ: ರೈಲ್ವೆ, ಪೊಲೀಸ್, ಸೇನೆ. ಸಾಜನ್ ಕೇರಳ ಪೊಲೀಸ್ ಅಧಿಕಾರಿ. ಖಾಡೆ ಮಹಾರಾಷ್ಟ್ರದಲ್ಲಿ ತಹಶೀಲ್ದಾರ್ ಆದರು.

ಕೆಮ್ಮಿನ ಔಷಧಿ ಕುಡಿದರೂ ಡೋಪಿಂಗ್ ಆಗುತ್ತದೆ ಅನ್ನುತ್ತಾರೆ. ನಿಜವೇ?

ಆಗಬಹುದು. ನೆಗಡಿ, ಉಬ್ಬಸದ ಕೆಲವು ಔಷಧಿಗಳಲ್ಲಿ ನಿಷಿದ್ಧ ಅಂಶಗಳಿರುತ್ತವೆ. ಅಂಗಡಿಯಲ್ಲಿ ಸಿಗುವ ಪ್ರೋಟೀನ್ ಪುಡಿಯಲ್ಲಿ ಏನು ಬೆರೆತಿದೆ ಅಂತ ಡಬ್ಬಿ ಹೇಳುವುದಿಲ್ಲ. "ಗೊತ್ತಿರಲಿಲ್ಲ" ಅನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ. ಪರೀಕ್ಷಾ ಪಟ್ಟಿಯಲ್ಲಿರುವ ಈಜುಗಾರರು ಪ್ರತಿ ದಿನ ಒಂದು ಗಂಟೆ ತಾವು ಎಲ್ಲಿರುತ್ತೇವೆ ಅಂತ ಮೊದಲೇ ತಿಳಿಸಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ, ಏನೂ ತಿನ್ನದಿದ್ದರೂ ನಿಷೇಧ ಬರುತ್ತದೆ. ಅಜ್ಜಿ ಮನೆಗೆ ಹಬ್ಬಕ್ಕೆ ಹೋದರೂ ವಿಳಾಸ ಬದಲಿಸಿ ಹೋಗಬೇಕು.

ಮುಟ್ಟಿನ ದಿನಗಳಲ್ಲಿ ಏನು ಮಾಡುತ್ತಾರೆ?

ಈಜುತ್ತಾರೆ. ಚೀನಾದ ಫು ಯುವಾನ್‌ಹುಯಿ 2016ರ ರಿಯೊ ರಿಲೇ ಮುಗಿದ ಕೂಡಲೇ ಟಿವಿ ಮುಂದೆ, ನಿನ್ನೆ ಮುಟ್ಟಾದೆ, ಸುಸ್ತಾಗಿದೆ ಅಂತ ಸಲೀಸಾಗಿ ಹೇಳಿದ್ದರು. ನಮ್ಮಲ್ಲಿ ಎಷ್ಟೋ ಹುಡುಗಿಯರು 12, 13ಕ್ಕೆ ಕೊಳ ಬಿಡುವುದು ಇದೇ ಸಂಕೋಚಕ್ಕೆ. ಕೋಚ್ ಜತೆ ಈ ಮಾತು ಆಡಲು ಆಗದಿದ್ದರೆ ಅಮ್ಮ ಆಡಬೇಕು, ಅಷ್ಟೇ.

ಅಂಗವೈಕಲ್ಯ ಇರುವವರಿಗೂ ಈ ದಾರಿ ಇದೆಯೇ?

ಖಂಡಿತ ಇದೆ, ಅದರಲ್ಲೂ ಬೆಂಗಳೂರಿನವರು ಮುಂದಿದ್ದಾರೆ. ಶರತ್ ಗಾಯಕ್ವಾಡ್ 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಗೇಮ್ಸ್ ಒಂದರಲ್ಲೇ ಆರು ಪದಕ ಗೆದ್ದರು. ನಿರಂಜನ್ ಮುಕುಂದನ್ ಟೋಕಿಯೊ ಪ್ಯಾರಾಲಿಂಪಿಕ್ಸ್ ಈಜಿದರು. ಸಾಮಾನ್ಯ ಈಜುಗಾರರಿಗೆ ಸಿಗುವ ಪ್ರಚಾರದ ಕಾಲು ಭಾಗವೂ ಇವರಿಗೆ ಸಿಕ್ಕಿಲ್ಲ.

ಎಷ್ಟು ವರ್ಷದವರೆಗೆ ಈಜಬಹುದು?

ಮೊದಲೆಲ್ಲ 22ಕ್ಕೆ ಮುಗಿಯಿತು ಅನ್ನುತ್ತಿದ್ದರು. ಅಮೆರಿಕದ ಆಂಥೊನಿ ಅರ್ವಿನ್ 2000ದ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಚಿನ್ನ ಹಂಚಿಕೊಂಡರು, ನಡುವೆ ವರ್ಷಗಟ್ಟಲೆ ಈಜು ಬಿಟ್ಟರು, 2016ರಲ್ಲಿ 35ನೇ ವಯಸ್ಸಿಗೆ ಮತ್ತೆ ಅದೇ ಚಿನ್ನ ಗೆದ್ದರು. ಸಾಮಾನ್ಯವಾಗಿ ಮೊದಲು ಕೈಕೊಡುವುದು ಭುಜ. ಸಾಜನ್‌ಗೆ ಟೋಕಿಯೊಗೆ ಮುಂಚೆ ಕತ್ತಿನ ಡಿಸ್ಕ್ ಜಾರಿ ಕೈಯೇ ಸರಿಯಾಗಿ ಏಳುತ್ತಿರಲಿಲ್ಲ. ಅದರಿಂದ ಎದ್ದು ಬಂದು 'ಎ' ಕಟ್ ಮಾಡಿದ್ದು.

ಶ್ರೀಹರಿಯ ವಿಷಯದಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಲಾಸ್ ಏಂಜಲೀಸ್ 2028ಕ್ಕೆ 50 ಮೀಟರ್ ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ಮೂರನ್ನೂ ಹೊಸದಾಗಿ ಸೇರಿಸಿದ್ದಾರೆ. ಆಗ ಅವರಿಗೆ 27. ಕಾಮನ್‌ವೆಲ್ತ್‌ನಲ್ಲಿ 100ಕ್ಕಿಂತ 50ರಲ್ಲೇ ಮೇಲಿನ ಸ್ಥಾನ ಪಡೆದವರು ಅವರು ಅನ್ನುವುದು ಮರೆಯಬೇಡಿ.

ನಮ್ಮ ಮಗಳು ಜಿಲ್ಲೆಗೆ ಫಸ್ಟ್ ಬಂದಿದ್ದಾಳೆ. ಈಗ ಏನು ಮಾಡಬೇಕು?

ಮೊದಲು ಮೆಡಲ್ ಪಕ್ಕಕ್ಕಿಟ್ಟು ಸಮಯ ಎಷ್ಟು ಅಂತ ಕೇಳಿ. ಜಿಲ್ಲೆಯಲ್ಲಿ ನಾಲ್ಕೇ ಜನ ಈಜಿದ್ದರೂ ಒಬ್ಬರು ಫಸ್ಟ್ ಬಂದೇ ಬರುತ್ತಾರೆ. ಆ ಸಮಯವನ್ನು ರಾಜ್ಯ ಸಬ್‌ಜೂನಿಯರ್, ಜೂನಿಯರ್ ಸ್ಪರ್ಧೆಗಳ ಫಲಿತಾಂಶದ ಜತೆ ಇಟ್ಟು ನೋಡಿ, ಅವು ಆನ್‌ಲೈನ್‌ನಲ್ಲಿ ಸಿಗುತ್ತವೆ. 25 ಮೀಟರ್ ಕೊಳದ ಸಮಯವನ್ನು 50 ಮೀಟರಿನದ್ದಕ್ಕೆ ಹೋಲಿಸಬೇಡಿ. ಚಿಕ್ಕ ಕೊಳದಲ್ಲಿ ಗೋಡೆ ಒದೆಯುವ ಅವಕಾಶ ಜಾಸ್ತಿ, ಹಾಗಾಗಿ ಸಮಯ ಚೆನ್ನಾಗಿ ಕಾಣುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕೊಳದ ಉದ್ದ, ಸ್ಟ್ರೋಕ್, ಸಮಯ ಬರೆದಿಡಿ. ರಾಜ್ಯ ಸಂಸ್ಥೆಯ ಮೂಲಕ ನೋಂದಣಿ ಮಾಡಿಸಿ. ನಾಲ್ಕೂ ಸ್ಟ್ರೋಕ್ ಕಲಿಯಲಿ, ಹನ್ನೆರಡರ ಒಳಗೆ ಒಂದಕ್ಕೇ ಕಟ್ಟಿಹಾಕಬೇಡಿ. ವಯಸ್ಸು ಕಮ್ಮಿ ಬರೆಸಿ ಕೆಳಗಿನ ಗುಂಪಿನಲ್ಲಿ ಇಳಿಸುವ ಐಡಿಯಾ ಯಾರಾದರೂ ಕೊಟ್ಟರೆ ಅವರ ಸಹವಾಸವೇ ಬಿಡಿ. ಊರು ಬಿಟ್ಟು ಬೆಂಗಳೂರಿಗೆ ಬರುವ ಯೋಚನೆಗೆ ಇನ್ನೂ ಹೊತ್ತಿದೆ. ರಾಜ್ಯ ಫೈನಲ್‌ಗೆ ಎರಡು ವರ್ಷ ಸತತವಾಗಿ ಬಂದರೆ, ಆಗ ಒಂದು ಬೇಸಿಗೆ ರಜೆಗೆ ಇಲ್ಲಿನ ಕ್ಯಾಂಪಿಗೆ ಕಳಿಸಿ ನೋಡಿ. ಬೆಳಿಗ್ಗೆ ನಾಲ್ಕೂವರೆಯ ಅಲಾರ್ಮ್‌ಗೆ ಅವಳೇ ಏಳುತ್ತಾಳೋ, ನೀವು ಎಬ್ಬಿಸಬೇಕೋ, ಅಷ್ಟರಲ್ಲಿ ಗೊತ್ತಾಗುತ್ತದೆ.